ಶಸ್ತ್ರವೈದ್ಯ-ಸಂಶೋಧಕರ ಮೊದಲ ಅನುದಾನ

ಶಸ್ತ್ರವೈದ್ಯರಿಗೆ ಸಿಗುವ ಮೊದಲ ಸಂಶೋಧನಾ ಅನುದಾನ ಮುಖ್ಯವಾಗಿ ಸಮಯವನ್ನು ಕೊಂಡುಕೊಡುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಕೊಡುವ ಕೆ08, ಕೆ23 ಎಂಬ ಆರಂಭಿಕ ಅನುದಾನಗಳು ಐದು ವರ್ಷದವರೆಗೆ ನಡೆಯುತ್ತವೆ. ಪಡೆದವರು ದುಡಿಮೆಯ ಶೇ. 75ರಷ್ಟನ್ನು ಸಂಶೋಧನೆಗೇ ಮೀಸಲಿಡಬೇಕು. ಆಪರೇಷನ್ ಬಿಟ್ಟರೆ ಕೈ ಪಳಗಿದ್ದು ಮರೆಯುತ್ತದೆಂದು ಎನ್‌ಐಎಚ್‌ನ ಕೆಲವು ಸಂಸ್ಥೆಗಳು ಶಸ್ತ್ರವೈದ್ಯರಿಗೆ ಶೇ. 50 ಸಾಕೆನ್ನುತ್ತವೆ.

ತೊಡಕು ಇರುವುದು ಸಂಬಳದಲ್ಲಿ. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದ ಆದಾಯ ಬರುವುದು ಆಪರೇಷನ್‌ಗಳಿಂದ. ಅನುದಾನ ಕೊಡುವ ಸಂಬಳಕ್ಕೆ ಮಿತಿಯಿದೆ, ಅದು ಶಸ್ತ್ರವೈದ್ಯರ ಗಳಿಕೆಯ ಹತ್ತಿರಕ್ಕೂ ಬರುವುದಿಲ್ಲ. ಉಳಿದದ್ದನ್ನು ವಿಭಾಗವೇ ತುಂಬಬೇಕು. ಸಹೋದ್ಯೋಗಿಯೊಬ್ಬರು ರಜೆ ಹಾಕಿದ ದಿನ ಮೊದಲು ಕೊಚ್ಚಿಹೋಗುವುದು ಪ್ರಯೋಗಾಲಯದ ದಿನವೇ. ಹಣ ಮಂಜೂರಾಯಿತೆಂದರೆ ಸಮಯವೂ ಸಿಕ್ಕಿತೆಂದು ನಂಬುವುದು ದೊಡ್ಡ ತಪ್ಪು. ಪ್ರಯೋಗಾಲಯದ ದಿನಗಳು ಡ್ಯೂಟಿ ಪಟ್ಟಿಯಲ್ಲಿ ಬರಹದಲ್ಲಿ ಇರಬೇಕು, ಅದೂ ಕೆಲಸಕ್ಕೆ ಸೇರುವ ಮುನ್ನ. ಬಾಯಿಮಾತಿನ ಭರವಸೆ ಸಾಲದು. ಬರಹದಲ್ಲಿಲ್ಲದ ದಿನ ಇಲ್ಲದ ದಿನವೇ.

ಇಂಥ ಸಮಯ ಏಕೆ ಬೇಕೆಂಬುದಕ್ಕೆ ಯಕೃತ್ ಕಸಿಯ ಪ್ರವರ್ತಕ ಶಸ್ತ್ರವೈದ್ಯ ಥಾಮಸ್ ಸ್ಟಾರ್ಜ್ಲ್ ಉದಾಹರಣೆ. ಅವರು 1950ರ ದಶಕದ ಕೊನೆಯಲ್ಲಿ ಶಿಕಾಗೋದಲ್ಲಿದ್ದಾಗ ಎನ್‌ಐಎಚ್ ಅನುದಾನವೂ ಮಾರ್ಕಲ್ ವಿದ್ಯಾರ್ಥಿವೇತನವೂ ಕೈಸೇರಿದವು. ಆಗ ಅವರು ನಾಯಿಗಳಲ್ಲಿ ಯಕೃತ್ ಕಸಿ ಪ್ರಯತ್ನಿಸುತ್ತಿದ್ದರು. ಯಕೃತ್ತನ್ನು ಹೊರತೆಗೆದ ಹೊತ್ತಿನಲ್ಲಿ ಕರುಳಿನಿಂದಲೂ ಹಿಂಗಾಲುಗಳಿಂದಲೂ ಬರುವ ರಕ್ತಕ್ಕೆ ದಾರಿ ಮುಚ್ಚಿಹೋಗಿ ಪ್ರಾಣಿ ಸಾಯುತ್ತದೆ. ಆ ರಕ್ತವನ್ನು ಪ್ಲಾಸ್ಟಿಕ್ ಕೊಳವೆಗಳ ಮೂಲಕ ದೇಹದ ಮೇಲ್ಭಾಗಕ್ಕೆ ತಿರುಗಿಸಿಯೇ ಕಸಿ ಮಾಡಬೇಕಾಯಿತು. ಇಂಥದ್ದು ವಾರಾಂತ್ಯದ ಬಿಡುವಿನಲ್ಲಿ ಕೈಗೂಡುವ ಕೆಲಸವಲ್ಲ. 1963ರಲ್ಲಿ ಡೆನ್ವರ್‌ನಲ್ಲಿ ಮನುಷ್ಯರಲ್ಲಿ ಅವರು ಮಾಡಿದ ಮೊದಲ ಕಸಿಯಲ್ಲಿ ರೋಗಿ ಮಗು ಉಳಿಯಲಿಲ್ಲ. ಯಶಸ್ಸು ಬಂದದ್ದು 1967ರಲ್ಲಿ.

ಮೊದಲ ಅರ್ಜಿ ಬಿದ್ದರೆ ಸಂಶೋಧನೆಯ ಬದುಕೇ ಮುಗಿಯಿತೇ ಎಂಬ ಆತಂಕ ಮತ್ತೆ ಮತ್ತೆ ಕೇಳಿಬರುತ್ತದೆ. ಪ್ರತಿಭೆಯಿದ್ದರೆ ಹಣ ತಾನಾಗಿ ಬರುತ್ತದೆಂಬ ಸಮಾಧಾನ ಸುಳ್ಳು. ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅನುದಾನವನ್ನು ಕೂದಲೆಳೆಯಲ್ಲಿ ಗೆದ್ದವರು ಕೂದಲೆಳೆಯಲ್ಲಿ ಸೋತವರಿಗಿಂತ ಮುಂದಿನ ಎಂಟು ವರ್ಷಗಳಲ್ಲಿ ಎರಡು ಪಟ್ಟಿಗೂ ಹೆಚ್ಚು ಹಣ ಪಡೆದರು. ಸೋತವರು ಅರ್ಜಿ ಹಾಕುವುದನ್ನೇ ಕಡಿಮೆ ಮಾಡಿದ್ದು ಅದಕ್ಕೊಂದು ಕಾರಣ. ಎನ್‌ಐಎಚ್ ಅರ್ಜಿದಾರರ ಬಗೆಗಿನ 2019ರ ಅಧ್ಯಯನದಲ್ಲೂ ಕ್ಷೇತ್ರ ಬಿಟ್ಟವರ ಪ್ರಮಾಣ ಗೆದ್ದವರಿಗಿಂತ ಸೋತವರಲ್ಲಿ ಹೆಚ್ಚಿತ್ತು. ಆದರೆ ಪಟ್ಟುಬಿಡದೆ ಉಳಿದವರ ಪ್ರಬಂಧಗಳು ಗೆದ್ದವರ ಪ್ರಬಂಧಗಳಿಗಿಂತ ಹೆಚ್ಚು ಪ್ರಭಾವ ಬೀರಿದವು. ಈ ಎರಡೂ ಅಧ್ಯಯನಗಳು ಶಸ್ತ್ರವೈದ್ಯರನ್ನಷ್ಟೇ ಕುರಿತವಲ್ಲ. ಶಸ್ತ್ರವೈದ್ಯರಿಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಖಾಲಿಯಾದ ದಿನವನ್ನು ಆಪರೇಷನ್ ಪಟ್ಟಿ ಮರುವಾರವೇ ನುಂಗುತ್ತದೆ.

ಎನ್‌ಐಎಚ್‌ನಲ್ಲಿ ಬಿದ್ದುಹೋದ ಅರ್ಜಿಯನ್ನು ತಿದ್ದಿ 37 ತಿಂಗಳೊಳಗೆ ಇನ್ನೊಮ್ಮೆ ಸಲ್ಲಿಸಲು ಅವಕಾಶವಿದೆ. ಆ ಅವಧಿಯಲ್ಲಿ ವಾರಕ್ಕೊಂದು ದಿನವಾದರೂ ಪ್ರಯೋಗಾಲಯಕ್ಕೆ ಉಳಿಯುವಂತೆ ವಿಭಾಗದ ಮುಖ್ಯಸ್ಥರು ನೋಡಿಕೊಂಡರೆ ಮಾತ್ರ ಆ ಅವಕಾಶ ಉಪಯೋಗಕ್ಕೆ ಬರುತ್ತದೆ.