ಒಬ್ಬನೂ ಕಡಿಮೆ ಇರಲಿಲ್ಲ (ಸಂತ ಜಾನ್ ಬೋಸ್ಕೊರವರ ಹಬ್ಬದ ಪ್ರಬೋಧನೆ)



ಇಂದು ಜನವರಿ 31, ಯುವಜನರ ತಂದೆ ಸಂತ ಜಾನ್ ಬೋಸ್ಕೊರವರ ಹಬ್ಬ. ಟ್ಯೂರಿನ್ ನಗರದಲ್ಲಿದ್ದ ಜೆನೆರಾಲ ಎಂಬ ಬಾಲಾಪರಾಧಿಗಳ ಸೆರೆಮನೆಗೆ ಅವರು ಹೋಗಿ ಬರುತ್ತಿದ್ದರು. 1855ರಲ್ಲಿ ಅಲ್ಲಿನ ಹುಡುಗರಿಗೆ ಧ್ಯಾನಕೂಟ ನಡೆಸಿದ ಮೇಲೆ ಮಂತ್ರಿ ರತ್ತಾಜಿಯವರ ಬಳಿ ಹೋಗಿ, ಇವರನ್ನೆಲ್ಲ ಒಂದು ದಿನ ಹೊರಗೆ ಕರೆದೊಯ್ಯುತ್ತೇನೆ, ಕಾವಲಿಗೆ ಒಬ್ಬ ಪೊಲೀಸನೂ ಬೇಡ ಎಂದು ಕೇಳಿಕೊಂಡರು. ಮುನ್ನೂರಕ್ಕೂ ಹೆಚ್ಚು ಹುಡುಗರು ಸ್ತುಪಿನೀಜಿಯವರೆಗೆ ನಡೆದರು, ಆಡಿದರು, ಉಂಡರು. ಸಂಜೆ ಎಣಿಸಿದಾಗ ಒಬ್ಬನೂ ಕಡಿಮೆ ಇರಲಿಲ್ಲ.

ಇದನ್ನು ಕೇಳಿ ನಾವು ಸಂತೋಷಪಡುತ್ತೇವೆ, ಇಟಲಿಯಲ್ಲಿ ನಡೆದದ್ದಲ್ಲವೇ! ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಒಬ್ಬ ಹುಡುಗ ಬೈಕು ಕದ್ದು ಸಿಕ್ಕಿಬಿದ್ದರೆ 'ಒದ್ದು ಒಳಗೆ ಹಾಕಿ' ಎನ್ನುವವರಲ್ಲಿ ನಾವೂ ಇದ್ದೇವೆ.

ಕಾನೂನು ಹಾಗೆ ಹೇಳುವುದಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ 18 ತುಂಬದವರನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿ ಒಬ್ಬರು ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಸೇವಕರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. 'ಬಿಟ್ಟುಬಿಡುತ್ತಾರೆ ಬಿಡಿ' ಎನ್ನುವವರಿಗೆ ಒಂದು ಮಾತು: ಮಂಡಳಿ ಮೂರು ವರ್ಷದವರೆಗೂ ವಿಶೇಷ ಗೃಹಕ್ಕೆ ಕಳುಹಿಸಬಹುದು, 16 ದಾಟಿದವನು ಘೋರ ಅಪರಾಧ ಮಾಡಿದ್ದರೆ ವಯಸ್ಕನಂತೆ ವಿಚಾರಣೆಯೂ ಆಗಬಹುದು. ಆದರೆ ಅದಕ್ಕೂ ಮೊದಲು ಪರಿವೀಕ್ಷಣಾಧಿಕಾರಿಗಳು ಹುಡುಗನ ಮನೆ, ಶಾಲೆ, ಓಣಿ ವಿಚಾರಿಸಿ ವರದಿ ಕೊಡಬೇಕು. ಆ ಓಣಿಯಲ್ಲಿ ಇರುವವರು ನಾವೇ. ಕೇಳಿದಾಗ ನಾವು ಏನು ಹೇಳುತ್ತೇವೆ?

ಕೆಲವು ವರ್ಷಗಳ ಹಿಂದಿನ ಮಾತು. ಈ ಮೂರು ಊರುಗಳಲ್ಲಿ ಯಾವುದೆಂದು ಹೇಳುವುದಿಲ್ಲ. ಇಂಥ ಹುಡುಗನ ಗುರುತು ಬಹಿರಂಗಪಡಿಸಬಾರದೆಂದು ಕಾಯ್ದೆಯೇ ಹೇಳುತ್ತದೆ. (ನಮ್ಮಲ್ಲಿ ಅದಕ್ಕೆ ಪತ್ರಿಕೆ ಏಕೆ ಬೇಕು, ಸಂತೆ ಸಾಕು.) ವೀಕ್ಷಣಾಲಯದಿಂದ ಮರಳಿದ ಹುಡುಗ ಭಾನುವಾರದ ಬಲಿಪೂಜೆಗೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತ. ಆ ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಮುಂದೆ ಹೋದರು. ಕಾಣಿಕೆ ತಟ್ಟೆ ಅವನ ಮುಂದೆ ಬಂದಾಗ, ಪೀಠದ ಬಳಿ ನಿಂತಿದ್ದ ನಾವೂ ತಟ್ಟೆಯನ್ನೇ ನೋಡುತ್ತಿದ್ದೆವು. ಗುರುಗಳಾದ ನಾವು ಇದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಲೇಬೇಕು. ಅವನು ಅದನ್ನು ಕಂಡ.

ಪೂಜೆ ಮುಗಿದ ಮೇಲೆ ಅವನ ತಾಯಿ ಬಂದು ಹೇಳಿದರು: "ಫಾದರ್, ಅಲ್ಲಿ ದಿನಾ ಹಾಜರಿ ತಗೊಂತಿದ್ರಂತ್ರಿ. ಇಲ್ಲಿ ಅಂವನ್ನ ಯಾರೂ ಲೆಕ್ಕಕ್ಕೇ ತಗೊಳ್ಳಂಗಿಲ್ರಿ."

ಮುಂದಿನ ಎರಡು ಭಾನುವಾರ ಅವನು ಬಂದ. ನಂತರ ತಾಯಿ ಒಬ್ಬರೇ ಬರತೊಡಗಿದರು.