ಹದಿಮೂರು ಲಕ್ಷ ಜನರ ದೇಶ, ಅದರ ಬಾಗಿಲು



ಯುರೋಪಿನ ನಕಾಶೆಯನ್ನು ಎದುರಿಗಿಟ್ಟುಕೊಳ್ಳಿ. ಬಾಲ್ಟಿಕ್ ಸಮುದ್ರದ ಪೂರ್ವದಂಡೆಯ ಮೇಲೆ, ಫಿನ್ಲೆಂಡಿನ ದಕ್ಷಿಣಕ್ಕೆ, ರಷ್ಯಾದ ಮಗ್ಗುಲಿಗೆ ಎಸ್ಟೋನಿಯ ಎಂಬ ಪುಟ್ಟ ದೇಶವೊಂದು ನಿಮಗೆ ಕಾಣಿಸುತ್ತದೆ. ವಿಸ್ತೀರ್ಣ ಸುಮಾರು 45,000 ಚದರ ಕಿಲೋಮೀಟರು, ಎಂದರೆ ಕರ್ನಾಟಕದ ಕಾಲುಭಾಗಕ್ಕಿಂತಲೂ ಕಡಿಮೆ. ಜನಸಂಖ್ಯೆ 13 ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ನಮ್ಮ ಮೈಸೂರು ಜಿಲ್ಲೆಯೊಂದರಲ್ಲೇ 30 ಲಕ್ಷ ಜನರಿದ್ದರು!

ಈ ದೇಶದ ಬಗ್ಗೆ ನಾನು ಓದತೊಡಗಿದ್ದಕ್ಕೆ ನೆರೆಮನೆಯ ಹುಡುಗನೊಬ್ಬ ಕಾರಣ. ಇಂಜಿನಿಯರಿಂಗ್ ಮುಗಿಸಿದ್ದ ಆತ ಒಂದು ದಿನ ಸಂಭ್ರಮದಿಂದ ಬಂದು, "ಎಸ್ಟೋನಿಯದ ಇ-ನಿವಾಸಿ ಕಾರ್ಡಿಗೆ ಅರ್ಜಿ ಹಾಕಿದ್ದೇನೆ, ಅದು ಬಂದೊಡನೆ ಹೊರಟುಬಿಡುತ್ತೇನೆ" ಎಂದ. ವಿಮಾನದ ಟಿಕೆಟ್ಟು ಕೊಳ್ಳುವ ಮೊದಲು ಹೇಳಿದ್ದು ಪುಣ್ಯ. ಆ ಕಾರ್ಡಿನಿಂದ ಅಲ್ಲಿಗೆ ಪ್ರವೇಶವೂ ಇಲ್ಲ, ವಾಸದ ಹಕ್ಕೂ ಇಲ್ಲ. 2014ರ ಡಿಸೆಂಬರಿನಲ್ಲಿ ಆರಂಭವಾದ ಈ ಯೋಜನೆ ಹೊರದೇಶದವರಿಗೆ ಕೊಡುವುದು ಕಂಪ್ಯೂಟರಿನಲ್ಲಿ ಬಳಸುವ ಒಂದು ಸರ್ಕಾರಿ ಗುರುತನ್ನು ಮಾತ್ರ. ಅದರಿಂದ ನೀವು ದಾವಣಗೆರೆಯಲ್ಲಿ ಕುಳಿತೇ ಅಲ್ಲೊಂದು ಕಂಪನಿಯನ್ನು ನೋಂದಾಯಿಸಬಹುದು, ಕಾಗದಪತ್ರಗಳಿಗೆ ಅಂಕೀಯ ಸಹಿ ಹಾಕಬಹುದು. ಕಂಪನಿ ಅಲ್ಲಿರುತ್ತದೆ, ನೀವು ಇಲ್ಲೇ ಇರುತ್ತೀರಿ.

ಹಾಗಾದರೆ ಅಲ್ಲಿಗೆ ಹೋಗಿ ನೆಲೆಸಲು ದಾರಿ ಯಾವುದು? ಅದಕ್ಕೆ ಸ್ವಲ್ಪ ಹಿಂದಿನ ಕಥೆ ತಿಳಿದಿರಬೇಕು. 1940ರಲ್ಲಿ ಸೋವಿಯತ್ ಒಕ್ಕೂಟ ಈ ದೇಶವನ್ನು ತನ್ನೊಳಗೆ ಸೇರಿಸಿಕೊಂಡಿತು. ಸಾವಿರಾರು ಜನರನ್ನು ಗಡೀಪಾರು ಮಾಡಲಾಯಿತು. ಯುದ್ಧಾನಂತರ ದೊಡ್ಡ ದೊಡ್ಡ ಕಾರ್ಖಾನೆಗಳು ಎದ್ದವು. ಅವುಗಳಲ್ಲಿ ದುಡಿಯಲು ಒಕ್ಕೂಟದ ಇತರ ಭಾಗಗಳಿಂದ ಜನ ಬಂದರು. 1934ರಲ್ಲಿ ಜನಸಂಖ್ಯೆಯ ಶೇಕಡ 88ರಷ್ಟಿದ್ದ ಎಸ್ಟೋನಿಯನ್ನರು 1989ರ ಹೊತ್ತಿಗೆ ಶೇಕಡ 62ಕ್ಕೆ ಇಳಿದಿದ್ದರು. ಸುಮಾರು ಹತ್ತು ಲಕ್ಷ ಜನ ಮಾತ್ರ ಆಡುವ ಭಾಷೆಯೊಂದು ತನ್ನ ನೆಲದಲ್ಲೇ ಅಲ್ಪಸಂಖ್ಯಾತವಾಗುವ ಭೀತಿ ಎಂಥದು ಎಂಬುದನ್ನು ನೀವೇ ಊಹಿಸಿ. 1991ರಲ್ಲಿ ಸ್ವಾತಂತ್ರ್ಯ ಮರಳಿತು. ಆ ಭೀತಿ ಮಾತ್ರ ಕಾನೂನಿನ ಒಳಗೆ ಉಳಿದುಕೊಂಡಿತು. ಹೊರಗಿನಿಂದ ಬಂದು ನೆಲೆಸುವವರಿಗೆ ಅಲ್ಲಿ ವಾರ್ಷಿಕ ಮಿತಿಯೊಂದಿದೆ: ಖಾಯಂ ಜನಸಂಖ್ಯೆಯ ಶೇಕಡ 0.1ಕ್ಕಿಂತ ಹೆಚ್ಚಿಲ್ಲ. ಲೆಕ್ಕ ಹಾಕಿ ನೋಡಿ, ವರ್ಷಕ್ಕೆ ಸುಮಾರು 1,300 ಮಂದಿ.

ಆದರೆ ಇನ್ನೊಂದು ಅಂಕಿಯೂ ಇದೆ. 1989ರಲ್ಲಿ 15 ಲಕ್ಷದ 65 ಸಾವಿರವಿದ್ದ ಜನಸಂಖ್ಯೆ 2011ರಲ್ಲಿ 13 ಲಕ್ಷಕ್ಕಿಂತ ಕೆಳಗಿಳಿಯಿತು. ಕೆಲವರು ರಷ್ಯಾಕ್ಕೆ ಮರಳಿದರು, 2004ರಲ್ಲಿ ದೇಶ ಯುರೋಪಿನ ಒಕ್ಕೂಟವನ್ನು ಸೇರಿದ ಮೇಲೆ ಅನೇಕರು ಫಿನ್ಲೆಂಡಿಗೆ ಹೋದರು, ಹುಟ್ಟುವ ಮಕ್ಕಳೂ ಕಡಿಮೆಯಾದರು. ಬಾಗಿಲು ತೆರೆದರೆ ಭಾಷೆಗೆ ಅಪಾಯ, ಮುಚ್ಚಿದರೆ ಮನೆಯೇ ಖಾಲಿ.

ಇದೇ ಕಾಲದಲ್ಲಿ ಆ ದೇಶ ಕಂಪ್ಯೂಟರಿನ ಬೆನ್ನು ಹತ್ತಿತ್ತು. 1996ರಲ್ಲಿ ಅಧ್ಯಕ್ಷ ಲೆನಾರ್ಟ್ ಮೆರಿ 'ಹುಲಿ ನೆಗೆತ' ಎಂಬ ಕಾರ್ಯಕ್ರಮವನ್ನು ಘೋಷಿಸಿದರು. ಶಾಲೆಗಳಿಗೆಲ್ಲ ಕಂಪ್ಯೂಟರು, ಅಂತರಜಾಲ. 2003ರಲ್ಲಿ ಸ್ಕೈಪ್ ಹುಟ್ಟಿತು. ಅದರ ಸ್ಥಾಪಕರು ಸ್ವೀಡನ್ ಮತ್ತು ಡೆನ್ಮಾರ್ಕಿನವರು. ತಂತ್ರಾಂಶವನ್ನು ಬರೆದವರು ತಾಲಿನ್ ನಗರದ ಎಸ್ಟೋನಿಯನ್ ತರುಣರು. 2005ರಲ್ಲಿ ಇಬೇ ಕಂಪನಿ ಅದನ್ನು 260 ಕೋಟಿ ಡಾಲರಿಗೆ ಕೊಂಡಿತು. ಹಣಕ್ಕಿಂತ ಮುಖ್ಯವಾದದ್ದು ಅಲ್ಲಿ ದುಡಿದವರಿಗೆ ಬಂದ ಧೈರ್ಯ. ಸ್ಕೈಪ್‌ನಲ್ಲಿದ್ದ ತಾವೆಟ್ ಹಿನ್ರಿಕುಸ್ ಗೆಳೆಯನೊಡನೆ 2011ರಲ್ಲಿ ಹಣ ರವಾನೆಯ ಉದ್ಯಮವೊಂದನ್ನು ಕಟ್ಟಿದರು. ಅದೇ ಈಗಿನ ವೈಸ್. 2013ರಲ್ಲಿ ಮಾರ್ಕುಸ್ ವಿಲ್ಲಿಗ್ ಬಾಡಿಗೆ ಕಾರಿನ ಸೇವೆಯನ್ನು ಆರಂಭಿಸಿದಾಗ ಅವರಿಗೆ 19 ವರ್ಷ, ಎಂದರೆ ನಿಮ್ಮಲ್ಲಿ ಹಲವರ ವಯಸ್ಸು. ಈಗ ಅದರ ಹೆಸರು ಬೋಲ್ಟ್.

ಕಂಪನಿಗಳು ಬೆಳೆದಂತೆ ಇಂಜಿನಿಯರುಗಳ ಅಭಾವ ಕಾಡಿತು. ಹದಿಮೂರು ಲಕ್ಷದಲ್ಲಿ ಎಷ್ಟು ಮಂದಿ ಸಿಕ್ಕಾರು? ವಿಜ್ಞಾನ ಓದಿದವರಿಗೆ ಅರೆಪಾರಕ ಪೊರೆಯ ನೆನಪಿರಬೇಕು. ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ಪೊರೆ. 2017ರಲ್ಲಿ ಎಸ್ಟೋನಿಯ ಹೆಚ್ಚುಕಡಿಮೆ ಅದನ್ನೇ ಮಾಡಿತು. ವಾರ್ಷಿಕ ಮಿತಿಯನ್ನು ತೆಗೆಯಲಿಲ್ಲ, ನವೋದ್ಯಮಗಳನ್ನೂ ಮಾಹಿತಿ ತಂತ್ರಜ್ಞರನ್ನೂ ಅದರ ಲೆಕ್ಕದಿಂದ ಹೊರಗಿಟ್ಟಿತು. ಜೊತೆಗೆ ನವೋದ್ಯಮ ವೀಸಾ ಬಂತು. ಇದರಲ್ಲೊಂದು ಸ್ವಾರಸ್ಯವಿದೆ. ನಿಮ್ಮ ಯೋಜನೆ ನಿಜವಾಗಿ ನವೋದ್ಯಮವೇ ಎಂದು ಪರೀಕ್ಷಿಸುವ ಸಮಿತಿಯಲ್ಲಿ ಸ್ವತಃ ನವೋದ್ಯಮ ಕ್ಷೇತ್ರದವರು ಕುಳಿತಿರುತ್ತಾರೆ. ತಂತ್ರಜ್ಞಾನವನ್ನು ಆಧರಿಸಿರಬೇಕು, ಹೊಸತಾಗಿರಬೇಕು, ದೇಶದ ಗಡಿಯಾಚೆಗೂ ಬೆಳೆಯುವಂತಿರಬೇಕು. ಊಟದ ಹೋಟೆಲನ್ನು ತೆರೆಯುತ್ತೇನೆಂದರೆ, ದೋಸೆ ಎಷ್ಟೇ ರುಚಿಯಾಗಿರಲಿ, ಈ ದಾರಿಯಲ್ಲಿ ಅವಕಾಶವಿಲ್ಲ. ಸಮಿತಿ ಒಪ್ಪಿದ ಮೇಲೂ ವೀಸಾ ಕೊಡುವುದು ಬಿಡುವುದು ಸರ್ಕಾರದ ಕೈಯಲ್ಲೇ ಇದೆ.

ಈ ಏರ್ಪಾಡು ಜಾಣತನದ್ದೆಂದು ನಾನು ಒಪ್ಪುತ್ತೇನೆ. ಆದರೂ ಒಂದು ಮಾತು ನನ್ನನ್ನು ಕೊರೆಯುತ್ತದೆ. ಹಡಗುಕಟ್ಟೆಯಲ್ಲಿ ಕಬ್ಬಿಣ ಬೆಸೆಯುವವನು ಬಂದರೆ 1,300ರಲ್ಲಿ ಒಬ್ಬನಾಗಿ ಎಣಿಕೆಯಾಗುತ್ತಾನೆ, ತಂತ್ರಾಂಶ ಬರೆಯುವವನು ಬಂದರೆ ಎಣಿಕೆಯೇ ಇಲ್ಲ. ಇಬ್ಬರೂ ಅದೇ ಬೀದಿಯಲ್ಲಿ ಮನೆ ಮಾಡುತ್ತಾರೆ, ಇಬ್ಬರ ಮಕ್ಕಳೂ ಅದೇ ಶಾಲೆಗೆ ಹೋಗುತ್ತಾರೆ. ಭಾಷೆಯ ಉಳಿವೇ ಮಿತಿಯ ಉದ್ದೇಶವಾಗಿದ್ದರೆ ಈ ಭೇದಕ್ಕೆ ಸಮರ್ಥನೆ ಸುಲಭವಲ್ಲ. ತಂತ್ರಾಂಶದವನು ಕಚೇರಿಯಲ್ಲಿ ಇಂಗ್ಲಿಷಿನಲ್ಲೇ ದಿನ ಕಳೆಯುವ ಸಂಭವವಂತೂ ಹೆಚ್ಚು. ಬೆಂಗಳೂರಿನಲ್ಲಿ ಬೆಳೆದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ವಿದ್ಯಾರ್ಥಿಗಳೂ ಈ ಮಿತಿಯ ಹೊರಗೇ ಇದ್ದಾರೆ. 1632ರಲ್ಲಿ ಸ್ಥಾಪನೆಯಾದ ತಾರ್ತು ವಿಶ್ವವಿದ್ಯಾಲಯಕ್ಕೂ ತಾಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ನಮ್ಮ ದೇಶದಿಂದ ಹೋದವರಿದ್ದಾರೆ. ಹೋಗಬಯಸುವವರು ಎರಡು ಸಂಗತಿಗಳನ್ನು ತಿಳಿದಿರಿ. ಡಿಸೆಂಬರಿನಲ್ಲಿ ಅಲ್ಲಿ ದಿನಕ್ಕೆ ಆರು ಗಂಟೆಯಷ್ಟೇ ಬೆಳಕು. ಇನ್ನು ಅವರ ಭಾಷೆಯಲ್ಲಿ ನಾಮಪದಕ್ಕೆ 14 ವಿಭಕ್ತಿಗಳು. ಪ್ರಥಮೆಯಿಂದ ಸಪ್ತಮಿಯವರೆಗಿನ ಏಳಕ್ಕೇ ನಾವು ತರಗತಿಯಲ್ಲಿ ಬೆವರಿದ್ದುಂಟು. ಕೆಲಸಕ್ಕೆ ಆ ಭಾಷೆ ಬೇಕೇಬೇಕೆಂದಿಲ್ಲ. ಪೌರತ್ವಕ್ಕೆ ಬೇಕು. ಎಂಟು ವರ್ಷ ಅಲ್ಲಿ ವಾಸ, ಭಾಷೆಯ ಪರೀಕ್ಷೆ, ಸಂವಿಧಾನದ ಪರೀಕ್ಷೆ, ಇಷ್ಟಾದ ಮೇಲೆ ಎಸ್ಟೋನಿಯದ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆಗ ಭಾರತದ ಪೌರತ್ವವನ್ನು ಬಿಡಬೇಕಾಗುತ್ತದೆ. ಏಕೆಂದರೆ ಈ ವಿಷಯದಲ್ಲಿ ಎರಡೂ ದೇಶಗಳ ಕಾನೂನು ಹೇಳುವುದು ಒಂದೇ.

ನೆರೆಮನೆಯ ಹುಡುಗ ಈಗ ನವೋದ್ಯಮ ವೀಸಾದ ಅರ್ಜಿಯನ್ನು ಓದುತ್ತಿದ್ದಾನೆ. ಹೊರಡುವ ಮಾತನ್ನು ಇನ್ನೂ ಎತ್ತಿಲ್ಲ.