ಹಳೆಯ ಕೇಸು, ಹೊಸ ಓಟು
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಚುನಾವಣೆ ಬಂದಾಗಲೆಲ್ಲ ನಮ್ಮ ಸಂಘಗಳಲ್ಲಿ ಒಂದು ಮಾತು ಏಳುತ್ತದೆ. ‘ಆತನನ್ನು ಹಿಂದೆ ಪೊಲೀಸರು ಹಿಡಿದಿದ್ದರಂತೆ.’ ಕೂಡಲೇ ಇನ್ನೊಬ್ಬರು, ‘ಅದೆಲ್ಲ ಹಳೇ ಕತೆ, ಊರಿಗೆ ರಸ್ತೆ ಮಾಡಿಸಿಲ್ಲವೇ?’ ಎನ್ನುತ್ತಾರೆ. ಮಾತು ಅಲ್ಲಿಗೇ ನಿಂತುಬಿಡುತ್ತದೆ. ಅದನ್ನು ಮುಂದುವರಿಸಬೇಕು ಎಂಬುದೇ ನನ್ನ ವಿನಂತಿ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಬಂಧನ ಬೇರೆ, ಅಪರಾಧ ಬೇರೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಸೇರಿದರು. ‘ಸಂಸ್ಕಾರ’ ಚಿತ್ರದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬೆಂಗಳೂರು ಜೈಲಿಗೆ ಹಾಕಿದರು. ಆಸ್ತಮಾದಿಂದ ನರಳಿದ ಆಕೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಸಾರಾಯಿ ಅಂಗಡಿಯ ಮುಂದೆ ಧರಣಿ ಕೂತು ಪೊಲೀಸ್ ವ್ಯಾನು ಹತ್ತಿದ ಹೆಂಗಸರೂ ಇದ್ದಾರೆ. ಇವರ ಬಂಧನ ನಮಗೆ ಹೆಮ್ಮೆಯ ಮಾತು. ಎದುರಾಳಿಯನ್ನು ಹಣಿಯಲೆಂದೇ ಹಾಕಿಸುವ ಸುಳ್ಳು ಕೇಸುಗಳೂ ಉಂಟು.

ಹಾಗಾದರೆ ಏನು ಕೇಳಬೇಕು? ಯಾವ ಆರೋಪದ ಮೇಲೆ ಹಿಡಿದರು? ಅದರಿಂದ ನೋವು ಉಂಡವರು ಯಾರು? ಕೇಸು ಈಗ ಯಾವ ಹಂತದಲ್ಲಿದೆ? ಎಫ್‌ಐಆರ್ ಎಂದರೆ ದೂರು ದಾಖಲಾಯಿತು ಎಂದಷ್ಟೇ ಅರ್ಥ. ಚಾರ್ಜ್‌ಶೀಟ್ ಎಂದರೆ ಪೊಲೀಸರು ತನಿಖೆ ಮುಗಿಸಿ ಆರೋಪ ಹೊರಿಸಿದ್ದಾರೆ. ನ್ಯಾಯಾಧೀಶರೇ ದೋಷಾರೋಪ ನಿಗದಿ ಮಾಡಿದ್ದರೆ, ವಿಚಾರಣೆ ನಡೆಸಲು ಆಧಾರವಿದೆಯೆಂದು ಅವರಿಗೂ ಅನ್ನಿಸಿದೆ. ಕೊನೆಯದು ತೀರ್ಪು. ಧರಣಿ ಕೂತವನ ಬಂಧನವನ್ನೂ ಸೊಸೆಗೆ ಹಿಂಸೆ ಕೊಟ್ಟವನ ಬಂಧನವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಕಾನೂನು ಏನು ಹೇಳುತ್ತದೆ? ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಕಲಮಿನಲ್ಲಿ ಅತ್ಯಾಚಾರದ ಜೊತೆಗೆ ಗಂಡ ಮತ್ತು ಅವನ ಕಡೆಯವರು ನಡೆಸುವ ಕ್ರೌರ್ಯವೂ, ಅಂದರೆ ನಾವೆಲ್ಲ ಬಲ್ಲ 498-ಎ ಕೂಡ, ಸೇರಿದೆ. ಇದರಲ್ಲಿ ಜೈಲು ಶಿಕ್ಷೆಯಾದವನು ಬಿಡುಗಡೆಯಾದ ಮೇಲೂ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆಯಡಿ ಆರು ತಿಂಗಳು ಅಥವಾ ಹೆಚ್ಚು ಶಿಕ್ಷೆಯಾದರೂ ಹಾಗೆಯೇ. ಆದರೆ ಇದೆಲ್ಲ ಶಿಕ್ಷೆಯಾದ ಮೇಲಿನ ಮಾತು. ಕೇಸು ವರ್ಷಗಟ್ಟಲೆ ಎಳೆಯುತ್ತದೆ. ಅಷ್ಟರಲ್ಲಿ ಆರೋಪಿ ಎರಡು ಸಲ ಗೆದ್ದು ಹಾರ ಹಾಕಿಸಿಕೊಂಡಿರುತ್ತಾನೆ.

‘ತಪ್ಪು ಸಾಬೀತಾಗಿಲ್ಲವಲ್ಲ’ ಎನ್ನುವವರಿಗೆ ನಾನು ಹೇಳುವುದಿಷ್ಟೆ. ಒಬ್ಬನನ್ನು ಜೈಲಿಗೆ ಕಳಿಸಲು ಸಾಕ್ಷಿ, ಪುರಾವೆ ಬೇಕು. ಬೇಕೇ ಬೇಕು. ಆದರೆ ಓಟು ಕೊಡದಿರುವುದು ಶಿಕ್ಷೆಯಲ್ಲ. ಹೆಣ್ಣು ಕೊಡುವಾಗ ನಾವು ನಾಲ್ಕು ಕಡೆ ವಿಚಾರಿಸುತ್ತೇವೆ. ಸಂಘದಲ್ಲಿ ಸಾಲ ಕೊಡುವಾಗ ಹಿಂದಿನ ಕಂತು ಕಟ್ಟಿದ್ದಾಳೆಯೇ ಎಂದು ಪುಸ್ತಕ ತೆಗೆದು ನೋಡುತ್ತೇವೆ. ಐದು ವರ್ಷದ ಅಧಿಕಾರವನ್ನು ಮಾತ್ರ ಕಣ್ಣು ಮುಚ್ಚಿ ಕೊಟ್ಟುಬಿಡುವುದೇ?

ಇದರ ಬಿಸಿ ತಟ್ಟುವುದು ನಮಗೇ. ರಾತ್ರಿ ಏಟು ತಿಂದು ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ದೂರನ್ನು ಬರೆದುಕೊಳ್ಳುವ ಮೊದಲೇ ಫೋನು ಬರುತ್ತದೆ. ‘ನಮ್ಮ ಕಡೆಯವರು, ರಾಜಿ ಮಾಡಿಸಿ ಕಳಿಸಿ.’ ‘ಸ್ಟೌವ್ ಸಿಡಿದು’ ಸತ್ತಳೆಂದು ಬರೆಸುವ ಪ್ರಯತ್ನವೂ ನಡೆಯುತ್ತದೆ. ಅಂಥ ಫೋನು ಮಾಡುವ ಬಲವನ್ನು ಕೊಟ್ಟವರು ಯಾರು? ನಮ್ಮ ಬೆರಳಿನ ಶಾಯಿಯೇ.

ವಿಚಾರಿಸುವ ದಾರಿ ಇದೆ. 2002ರಲ್ಲಿ ಸುಪ್ರೀಂ ಕೋರ್ಟು ಅಭ್ಯರ್ಥಿಯ ಪೂರ್ವಾಪರ ತಿಳಿಯುವುದು ಮತದಾರರ ಹಕ್ಕು ಎಂದಿತು. ಅಂದಿನಿಂದ ವಿಧಾನಸಭೆಗೆ, ಲೋಕಸಭೆಗೆ ನಿಲ್ಲುವವರು ತಮ್ಮ ಕೇಸುಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. 2018ರ ತೀರ್ಪಿನಂತೆ ಅವನ್ನು ಪತ್ರಿಕೆ, ಟಿ.ವಿ.ಗಳಲ್ಲಿ ಪ್ರಕಟಿಸಬೇಕು. ಕೇಸು ಇರುವವರನ್ನೇ ಏಕೆ ಆರಿಸಿದಿರಿ ಎಂಬುದಕ್ಕೆ ಪಕ್ಷಗಳು ಕಾರಣ ಕೊಡಬೇಕೆಂದು 2020ರಲ್ಲಿ ಆದೇಶವಾಯಿತು. ಪ್ರಮಾಣಪತ್ರ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಓದು ಬಲ್ಲ ಹುಡುಗಿಯೊಬ್ಬಳು ವಾರದ ಸಭೆಯಲ್ಲಿ ಗಟ್ಟಿಯಾಗಿ ಓದಲಿ. ಸಾಕ್ಷಿಗಳು ತಿರುಗಿಬಿದ್ದು ಖುಲಾಸೆಯಾದ ಕೇಸು ಅದರಲ್ಲಿ ಇರುವುದಿಲ್ಲ. ಅದಕ್ಕೆ ಆ ಊರಿನ ಹೆಂಗಸರನ್ನೇ ಕೇಳಬೇಕು.

ಯಾರಿಗೆ ಓಟು ಹಾಕಬೇಕೆಂದು ನಾನು ಹೇಳುವುದಿಲ್ಲ. ಯಾರೂ ಒಪ್ಪಿಗೆಯಾಗದಿದ್ದರೆ 2013ರಿಂದ ‘ನೋಟಾ’ ಗುಂಡಿಯೂ ಇದೆ. ಆದರೆ ಸೀರೆ, ಕುಕ್ಕರ್ ಹಿಡಿದು ಸಂಘದ ಬಾಗಿಲಿಗೆ ಬಂದವರನ್ನು ಎಲ್ಲರ ಎದುರಿಗೆ ಒಂದು ಪ್ರಶ್ನೆ ಕೇಳೋಣ: ‘ನಿಮ್ಮ ಮೇಲಿನ ಕೇಸು ಏನು? ಆ ಹೆಣ್ಣುಮಗಳು ಈಗ ಎಲ್ಲಿದ್ದಾಳೆ?’ ಉತ್ತರ ಕೇಳಿದ ಮೇಲೆ ನೀವೇ ತೀರ್ಮಾನಿಸಿ.